ಬಿಕ್ಕಟ್ಟಿನ ಕಾಲದ ಮನೆವಾರ್ತೆ: ಗೋದಾವರಿ ಸೀಮೆಯ ಎರಡು ಜಿಲ್ಲೆಗಳ ನಿದರ್ಶನ

1

ಆರ್ಥಿಕ ಹಿಂಜರಿತವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ರಾಷ್ಟ್ರೀಯ ವರಮಾನ, ಕೈಗಾರಿಕಾ ಉತ್ಪಾದನೆ, ಬಡ್ಡಿಯ ದರ ಮೊದಲಾದ ದೊಡ್ಡ ಅಂಕಿಗಳಿಂದ ಆರಂಭವಾಗುತ್ತವೆ. ಆದರೆ ಹಿಂಜರಿತವು ಜನರ ಅನುಭವಕ್ಕೆ ಬರುವುದು ಅಡುಗೆಮನೆಯ ಡಬ್ಬಿಗಳಲ್ಲಿ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ, ಪೆಟ್ಟಿಗೆಯಿಂದ ಹೊರಬಂದ ಒಡವೆಯಲ್ಲಿ. ಈ ಚಿಕ್ಕ ಲೋಕಕ್ಕೆ ಕನ್ನಡದಲ್ಲಿ ಒಂದು ಅರ್ಥಪೂರ್ಣವಾದ ಪದವಿದೆ: ಮನೆವಾರ್ತೆ. 'ವಾರ್ತೆ' ಎಂದರೆ ಇಂದು ಸುದ್ದಿ ಎಂಬ ಅರ್ಥವೇ ಮುಖ್ಯವಾಗಿದ್ದರೂ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಒಳಗೊಂಡ ವಿದ್ಯೆಗೆ 'ವಾರ್ತಾ' ಎಂಬ ಹೆಸರಿದೆ. ಮನೆವಾರ್ತೆ ಎಂಬ ಮಾತು ಆ ಹಳೆಯ ಅರ್ಥವನ್ನು ನೆನಪಿಗೆ ತರುತ್ತದೆ. 'ಎಕನಾಮಿ' ಎಂಬ ಪದದ ಗ್ರೀಕ್ ಮೂಲಕ್ಕೂ ಮನೆಯ ನಿರ್ವಹಣೆ ಎಂಬ ಅರ್ಥವೇ ಇರುವುದು ಇಲ್ಲಿ ಗಮನಾರ್ಹ. ಅರ್ಥಶಾಸ್ತ್ರವು ಮನೆಯಿಂದ ಹೊರಟು ರಾಷ್ಟ್ರವನ್ನು ಸೇರಿತು. ಮನೆಯನ್ನು ಮಾತ್ರ ಹಿಂದೆ ಬಿಟ್ಟಿತು.

ಸಂಕಷ್ಟದ ಕಾಲದಲ್ಲಿ ಕುಟುಂಬವೊಂದರ ವೆಚ್ಚದ ಕ್ರಮ ಹೇಗೆ ಬದಲಾಗುತ್ತದೆ, ಆ ಬದಲಾವಣೆಯ ಭಾರ ಮನೆಯೊಳಗೆ ಯಾರ ಮೇಲೆ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇದಕ್ಕೆ ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಜಿಲ್ಲೆಗಳನ್ನು ನಿದರ್ಶನವಾಗಿ ಆರಿಸಿಕೊಳ್ಳಲಾಗಿದೆ. ಮೊದಲನೆಯ ಪ್ರಶ್ನೆಗೆ ಅಂಕಿಅಂಶಗಳು ತಕ್ಕಮಟ್ಟಿಗೆ ಉತ್ತರಿಸುತ್ತವೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಶಾಸನ, ಧರ್ಮಶಾಸ್ತ್ರ, ವಚನಕಾರರ ಚರಿತೆ, ಜನರ ನುಡಿ ಮೊದಲಾದ ಬೇರೆ ಆಕರಗಳ ಕಡೆಗೆ ತಿರುಗಬೇಕಾಗುತ್ತದೆ.

2

ಈ ಎರಡು ಜಿಲ್ಲೆಗಳು ಕನ್ನಡದ ವಿದ್ಯಾರ್ಥಿಗೆ ಪರಸ್ಥಳಗಳಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೆಸರಿಸುವ ಗೋದಾವರಿ ನದಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕದ ಬಳಿಯ ಬ್ರಹ್ಮಗಿರಿಯಲ್ಲಿ. ಅದೇ ನದಿ ಮುಂದೆ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು, ಅಂದರೆ ಪ್ರಾಚೀನ ಪ್ರತಿಷ್ಠಾನವನ್ನು ಮುಟ್ಟುತ್ತದೆ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಸಂಭಾಜಿನಗರದ ಪಕ್ಕದ ದೇವಗಿರಿಯಿಂದ ಆಳಿದ ಸೇವುಣರ ಶಾಸನಗಳಲ್ಲಿ ಗಣನೀಯ ಸಂಖ್ಯೆಯವು ಕನ್ನಡದಲ್ಲಿವೆ. ಆಧುನಿಕ ಕಾಲದಲ್ಲಿಯೂ ಈ ನಂಟು ಕಡಿದಿರಲಿಲ್ಲ. ಔರಂಗಾಬಾದ್, ಬೀದರ್, ಗುಲಬರ್ಗಾ, ರಾಯಚೂರು ಇವೆಲ್ಲವೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ಎಂಬ ಒಂದೇ ರಾಜ್ಯದ ಜಿಲ್ಲೆಗಳಾಗಿದ್ದವು. ಜೋಳದ ರೊಟ್ಟಿ ಮತ್ತು ಭಾಕರಿ, ಹಗೇವು ಮತ್ತು ಪೇವ್, ಬರ ಮತ್ತು ದುಷ್ಕಾಳ ಇವು ಎರಡು ಭಾಷೆಗಳಲ್ಲಿ ಬದುಕಿದ ಒಂದೇ ಬದುಕಿನ ಹೆಸರುಗಳು.

ಆದರೂ ನಾಸಿಕ್ ಮತ್ತು ಸಂಭಾಜಿನಗರಗಳ ಆರ್ಥಿಕ ಸ್ವರೂಪ ಒಂದೇ ಅಲ್ಲ. ನಾಸಿಕ್ ಜಿಲ್ಲೆಯು ದ್ರಾಕ್ಷಿ ಮತ್ತು ಈರುಳ್ಳಿಗೆ ಹೆಸರಾದುದು. ಅಲ್ಲಿಯ ಲಾಸಲಗಾಂವ್ ದೇಶದ ಪ್ರಮುಖ ಈರುಳ್ಳಿ ಮಾರುಕಟ್ಟೆ. ಸಾತ್ಪುರ, ಅಂಬಡ್‌ಗಳ ಕೈಗಾರಿಕಾ ವಸಾಹತುಗಳು ಮತ್ತು ನಾಸಿಕ್ ರೋಡಿನ ನೋಟು ಮುದ್ರಣಾಲಯ ಅಲ್ಲಿವೆ. ಸಂಭಾಜಿನಗರವು ಮಳೆ ಅನಿಶ್ಚಿತವಾದ ಮರಾಠವಾಡಾದ ಹೆಬ್ಬಾಗಿಲು. 1980ರ ದಶಕದಲ್ಲಿ ವಾಳೂಜ್‌ನಲ್ಲಿ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ತಯಾರಿಕೆ ನೆಲೆಗೊಂಡ ಮೇಲೆ, ಬರದ ನೆಲದ ಯುವಕರಿಗೆ ಕಾರ್ಖಾನೆಯ ಸಂಬಳವೆಂಬ ಹೊಸ ಆಸರೆ ದೊರೆಯಿತು. ಹೀಗಾಗಿ ಮಳೆಯ ಕೊರತೆ, ಬೆಲೆಯ ಕುಸಿತ, ಕಾರ್ಖಾನೆಯ ಹಿಂಜರಿತ ಎಂಬ ಮೂರು ಬಗೆಯ ಬಿಕ್ಕಟ್ಟುಗಳನ್ನೂ ಈ ಸೀಮೆಯಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಗುತ್ತದೆ.

3

ವರಮಾನ ಕುಗ್ಗಿದಾಗ ಕುಟುಂಬಗಳು ಎಲ್ಲ ವೆಚ್ಚಗಳನ್ನೂ ಸಮನಾಗಿ ಕಡಿಮೆ ಮಾಡುವುದಿಲ್ಲ. ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ನಿರೂಪಿಸಿದ ನಿಯಮದಂತೆ, ಕುಟುಂಬವು ಬಡವಾದಷ್ಟೂ ಅದರ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚುತ್ತದೆ. ಊಟವನ್ನು ಮುಂದೂಡಲು ಬರುವುದಿಲ್ಲ, ಉಳಿದುವನ್ನು ಮುಂದೂಡಬಹುದು. ಆದುದರಿಂದ ಮೊದಲು ನಿಲ್ಲುವುದು ಹೊಸ ವಾಹನ, ಮನೆಯ ದುರಸ್ತಿ, ಪಾತ್ರೆ ಪಡಗ, ಬಟ್ಟೆಬರೆ. ಅನಂತರ ಹೋಟೆಲಿನ ತಿಂಡಿ, ಜಾತ್ರೆಯ ಪಯಣ, ಹಬ್ಬದ ಖರ್ಚು. ಮೂರನೆಯ ಹಂತದಲ್ಲಿ ಊಟದ ಒಳಗೇ ಬದಲಾವಣೆ ಕಾಣಿಸುತ್ತದೆ. ಧಾನ್ಯ ಉಳಿಯುತ್ತದೆ, ಬೇಳೆ ತೆಳುವಾಗುತ್ತದೆ, ಎಣ್ಣೆ, ಹಾಲು, ಹಣ್ಣು, ಮೊಟ್ಟೆ, ಮಾಂಸ ಹಿಂಜರಿಯುತ್ತವೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಆದರೆ ಮೈ ಸೊರಗುತ್ತದೆ. ನಾಲ್ಕನೆಯ ಹಂತದಲ್ಲಿ ಸಾಲ, ಒತ್ತೆ, ಒಡವೆಯ ಮಾರಾಟ. ಐದನೆಯದಾಗಿ ಮಕ್ಕಳ ಓದು ಮತ್ತು ಹಿರಿಯರ ಔಷಧಿಗೆ ಕತ್ತರಿ ಬೀಳುತ್ತದೆ. ಈ ಹಂತಗಳು ಎಲ್ಲ ಮನೆಗಳಲ್ಲೂ ಇದೇ ಕ್ರಮದಲ್ಲಿ ಬರಬೇಕೆಂದಿಲ್ಲ. ಆದರೆ ಕ್ರಮದ ಒಟ್ಟು ದಿಕ್ಕು ಇದೇ.

ಬಟ್ಟೆಯು ಮುಂದೂಡಬಹುದಾದ ವೆಚ್ಚ ಎಂಬ ಅರಿವು ಬಹಳ ಹಳೆಯದು. ನಾಸಿಕದ ಪಾಂಡವಲೇಣಿಯ 10ನೆಯ ಗುಹೆಯಲ್ಲಿ, ಕ್ಷತ್ರಪ ನಹಪಾನನ ಅಳಿಯ ಉಷವದಾತನ ಪ್ರಾಕೃತ ಶಾಸನವಿದೆ. ಅದು ಸುಮಾರು ಕ್ರಿ.ಶ. 2ನೆಯ ಶತಮಾನದ್ದು. ಗುಹೆಯಲ್ಲಿ ವರ್ಷಾವಾಸ ಮಾಡುವ ಭಿಕ್ಷುಗಳಿಗಾಗಿ ಆತ 3000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇಡಗಂಟಾಗಿ ಇರಿಸಿದನು. ಅದರಲ್ಲಿ 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, 1000ಕ್ಕೆ ನೂರಕ್ಕೆ ಮುಕ್ಕಾಲರಂತೆ ಬಡ್ಡಿ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನು ಮಾತ್ರ ಬಳಸಬೇಕು. ಮೊದಲನೆಯ ಮೊತ್ತದ ಬಡ್ಡಿಯಿಂದ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ವಸ್ತ್ರದ ಹಣ ಸಲ್ಲಬೇಕು. ಲೆಕ್ಕ ನೋಡಿದರೆ 2000ದ ವಾರ್ಷಿಕ ಬಡ್ಡಿ 240. 20 ಜನರಿಗೆ ತಲಾ 12ರಂತೆ ಬೇಕಾಗುವುದೂ 240. ಒಂದು ಕಾಸೂ ಹೆಚ್ಚು ಕಡಿಮೆಯಿಲ್ಲ.

ಈ ಶಾಸನವನ್ನು ದಾನಶಾಸನವೆಂದು ಓದುವುದು ವಾಡಿಕೆ. ಅದನ್ನು ವೆಚ್ಚದ ಭದ್ರತೆಯ ದಾಖಲೆಯೆಂದೂ ಓದಬಹುದು. ಭಿಕ್ಷಾನ್ನ ದಿನದಿನವೂ ದೊರೆಯಬಹುದು. ವಸ್ತ್ರ ದೊರೆಯದೆ ಹೋಗಬಹುದು. ಕೊಡುವವರ ಕೈ ಬಿಗಿಯಾದಾಗ ಮೊದಲು ನಿಲ್ಲುವ ವೆಚ್ಚಕ್ಕೇ ಇಡಗಂಟನ್ನು ಏರ್ಪಡಿಸಲಾಗಿದೆ. ಅದೂ ನೇಕಾರರ ಬಳಿಯೇ ಹಣ ಇರಿಸಿರುವುದು ಅರ್ಥವತ್ತಾಗಿದೆ. ಒಂದು ಮನೆಯ ಉಳಿತಾಯ ಇನ್ನೊಂದು ಮನೆಯ ಸಂಪಾದನೆಯ ನಷ್ಟ ಎಂಬುದು ಈ ಸೀಮೆಯ ನೇಕಾರರಿಗೆ ಇಂದಿಗೂ ಗೊತ್ತಿರುವ ಸತ್ಯ. ಪೈಠಣಿ ಸೀರೆಯನ್ನು ನೇಯುವ ಪೈಠಣ ಒಂದು ಜಿಲ್ಲೆಯಲ್ಲಿ, ಯೇವಲಾ ಇನ್ನೊಂದರಲ್ಲಿ. ಪಟ್ಟಣದ ಕುಟುಂಬ ಮದುವೆಯ ಸೀರೆಯನ್ನು ಮುಂದೂಡಿದರೆ ಯೇವಲಾದ ಮಗ್ಗ ನಿಲ್ಲುತ್ತದೆ. ಇಳಕಲ್ಲಿನ, ಗುಳೇದಗುಡ್ಡದ ನೇಕಾರರ ಪಾಡೂ ಇದಕ್ಕಿಂತ ಭಿನ್ನವಲ್ಲ.

4

ಮಳೆಯ ಬಿಕ್ಕಟ್ಟಿನಲ್ಲಿ ಈ ಕ್ರಮ ಹೇಗೆ ನಡೆಯುತ್ತದೆ ಎಂಬುದಕ್ಕೆ 1972ರ ಬರಗಾಲ ಮುಖ್ಯ ನಿದರ್ಶನ. ಮರಾಠವಾಡಾದ ಹಿರಿಯರು ಅದನ್ನು ಇಸವಿಯ ಹೆಸರಿನಿಂದಲೇ, 'ಬಹಾತ್ತರಚಾ ದುಷ್ಕಾಳ' ಎಂದೇ ಕರೆಯುತ್ತಾರೆ. ಬೆಳೆ ಹೋದಾಗ ರೈತಕೂಲಿಯ ಮನೆಗೆ ಎರಡು ಪೆಟ್ಟು ಒಮ್ಮೆಲೇ ಬೀಳುತ್ತವೆ: ಕೂಲಿ ಇಲ್ಲವಾಗುತ್ತದೆ, ಧಾನ್ಯದ ಬೆಲೆ ಏರುತ್ತದೆ. ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದಂತೆ, ಕ್ಷಾಮವೆಂದರೆ ಧಾನ್ಯ ಇಲ್ಲದಿರುವುದಷ್ಟೇ ಅಲ್ಲ, ಇರುವ ಧಾನ್ಯವನ್ನು ಪಡೆಯುವ ಹಕ್ಕು ಜನರಿಗೆ ಇಲ್ಲವಾಗುವುದು. ಆ ಹಕ್ಕನ್ನು ಮರಳಿಸಲು ಮಹಾರಾಷ್ಟ್ರ ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. 1973ರ ಬೇಸಗೆಯ ಹೊತ್ತಿಗೆ ಸುಮಾರು 50 ಲಕ್ಷ ಜನ ಕಲ್ಲು ಒಡೆಯುವ, ರಸ್ತೆ ಹಾಕುವ, ಕೆರೆ ತೋಡುವ ಕೆಲಸಗಳಲ್ಲಿದ್ದರು. ಹೊರದೇಶದಿಂದ ಬಂದ ಕೆಂಪು ಜೋಳ 'ಮಿಲೊ' ಮತ್ತು ಕಾಮಗಾರಿಯ ಸ್ಥಳದಲ್ಲಿ ಹಂಚಲಾದ 'ಸುಕಡಿ' ಆ ಪೀಳಿಗೆಯ ನಾಲಗೆಯ ನೆನಪುಗಳಾಗಿ ಉಳಿದವು.

ಇದಕ್ಕೆ ಒಂದು ಶತಮಾನದ ಹಿಂದಿನ ಕ್ಷಾಮವನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1876-78ರ ಮಹಾಕ್ಷಾಮದಲ್ಲಿ ವಸಾಹತು ಸರ್ಕಾರ ಪರಿಹಾರ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಯ ಮಟ್ಟಕ್ಕೆ ಇಳಿಸಿತು. ಮುಂಬಯಿ ಪ್ರಾಂತದ ದಖ್ಖನ್ ಭಾಗದ ಕೂಲಿಕಾರರು ಕೆಲಸ ಬಿಟ್ಟು ಪ್ರತಿಭಟಿಸಿದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಲ್ಲಿ ಮನೆಗಳು ವೆಚ್ಚ ಕಡಿಮೆ ಮಾಡಲಿಲ್ಲ, ಮನೆಗಳೇ ಕಡಿಮೆಯಾದವು.

1972ರ ಅನುಭವದಿಂದ ಮೂಡಿದ ಉದ್ಯೋಗ ಖಾತರಿ ಯೋಜನೆಯ ಹಿಂದಿನ ಪ್ರೇರಕ ಶಕ್ತಿ ವಿ. ಸ. ಪಾಗೆ. ಅದಕ್ಕೆ ಸಂಬಂಧಿಸಿದ ಕಾಯ್ದೆ 1977ರಲ್ಲಿ ಅಂಗೀಕಾರವಾಗಿ 1979ರ ಜನವರಿ 26ರಂದು ಜಾರಿಗೆ ಬಂದಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ ಅದು ಮಾದರಿಯಾಯಿತು. ಮನೆವಾರ್ತೆಯ ದೃಷ್ಟಿಯಿಂದ ಈ ಯೋಜನೆಯ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಅದರ ಹಣಕ್ಕಾಗಿ 1975ರಲ್ಲಿ ವೃತ್ತಿ ತೆರಿಗೆಯನ್ನು ವಿಧಿಸಲಾಯಿತು. ಸಾತ್ಪುರದ ಕಾರ್ಖಾನೆಯ ಸಂಬಳದಾರನ ವೇತನದಿಂದ ಕಡಿತವಾದ ಕೆಲವು ರೂಪಾಯಿ ಮರಾಠವಾಡಾದ ಕೂಲಿಯ ಜೋಳವಾಯಿತು. ಎರಡನೆಯದಾಗಿ, ಕೆಲಸದ ಅಳತೆಗೆ ತಕ್ಕ ಕೂಲಿ ಗಂಡಿಗೂ ಹೆಣ್ಣಿಗೂ ಒಂದೇ ದರದ್ದಾಗಿತ್ತು. ಕೂಲಿಕಾರರಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಹೆಣ್ಣಿನ ಹೆಸರಿನಲ್ಲಿ ಬಂದ ಹಣಕ್ಕೆ ಮನೆಯೊಳಗೆ ಬೇರೆಯದೇ ತೂಕ ಉಂಟಾಯಿತು.

ಬರದಲ್ಲಿ ಕೆಲವು ವೆಚ್ಚಗಳು ಇಳಿಯುವುದಿಲ್ಲ, ಏರುತ್ತವೆ. ನೀರು ಅವುಗಳಲ್ಲಿ ಮುಖ್ಯವಾದುದು. 2012-13ರಲ್ಲಿ ಮತ್ತು 2014ರಿಂದ 2016ರವರೆಗೆ ಮರಾಠವಾಡಾ ಸತತ ಬರಕ್ಕೆ ತುತ್ತಾಯಿತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಪುಕ್ಕಟೆಯಾಗಿ ದೊರೆಯುತ್ತಿದ್ದ ಬಾವಿಯ ನೀರು ಟ್ಯಾಂಕರಿನದಾದಾಗ ಬಡವರ ಮನೆಯ ಲೆಕ್ಕದಲ್ಲಿ ಒಂದು ಹೊಸ ಸಾಲು ಸೇರುತ್ತದೆ. ಹಣ ಕೊಡಲಾಗದವರು ಸಮಯ ಕೊಡುತ್ತಾರೆ. ಆ ಸಮಯ ಬಹುಮಟ್ಟಿಗೆ ಹೆಂಗಸರದು, ಹೆಣ್ಣುಮಕ್ಕಳದು. ವೆಚ್ಚದ ಯಾವ ಪಟ್ಟಿಯಲ್ಲೂ ಅದು ಕಾಣುವುದಿಲ್ಲ.

5

ಒಡವೆಯ ಪ್ರಶ್ನೆ ಇಲ್ಲಿ ವಿಶೇಷ ವಿವೇಚನೆಗೆ ಅರ್ಹವಾಗಿದೆ. ಬಂಗಾರವು ಸಿರಿಯ ಕುರುಹು ಮಾತ್ರವಲ್ಲ, ಆಪತ್ತಿನ ನಿಧಿ. ಆದರೆ ಅದು ಯಾರ ನಿಧಿ? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದೆ. ಸ್ತ್ರೀಧನದ ವ್ಯಾಪ್ತಿಯನ್ನು ಆತ ಉದಾರವಾಗಿ ವಿಸ್ತರಿಸಿದನು. ಆದರೆ ಮೂಲ ಸ್ಮೃತಿಯು ಗಂಡನಿಗೆ ಕೆಲವು ಸಂದರ್ಭಗಳಲ್ಲಿ ವಿನಾಯಿತಿ ನೀಡಿದೆ: ದುರ್ಭಿಕ್ಷದಲ್ಲಿ, ಅವಶ್ಯವಾದ ಧರ್ಮಕಾರ್ಯದಲ್ಲಿ, ರೋಗದಲ್ಲಿ, ಸೆರೆಗೆ ಸಿಕ್ಕಾಗ ಹೆಂಡತಿಯ ಧನವನ್ನು ತೆಗೆದುಕೊಂಡರೆ ಅವನು ಹಿಂದಿರುಗಿಸಲೇಬೇಕೆಂಬ ಕಟ್ಟಿಲ್ಲ. ಬೇರೆ ಸಂದರ್ಭದಲ್ಲಿ ತೆಗೆದುಕೊಂಡುದನ್ನು ಹಿಂದಿರುಗಿಸಬೇಕು.

ಈ ನಿಯಮಕ್ಕೆ ಎರಡು ಮುಖಗಳಿವೆ. ಒಂದು ಕಡೆ ಅದು ರಕ್ಷಣೆ; ಸಾಮಾನ್ಯ ಕಾಲದಲ್ಲಿ ಹೆಂಡತಿಯ ಒಡವೆ ಗಂಡನ ಕೈಗೆ ಎಟುಕಬಾರದು. ಇನ್ನೊಂದು ಕಡೆ ಅದು ಒಪ್ಪಿಗೆ. ಬಿಕ್ಕಟ್ಟು ಬಂದಾಗ ಮನೆಯ ಕೊನೆಯ ಆಸರೆ ಹೆಣ್ಣಿನ ಆಸ್ತಿ, ಮತ್ತು ಆ ಸಾಲ ತೀರದ ಸಾಲ. ಒಂಬತ್ತು ಶತಮಾನಗಳ ಹಿಂದೆಯೇ ಶಾಸ್ತ್ರಕಾರರು ಬರಗಾಲದ ವೆಚ್ಚವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ನಿರ್ಧರಿಸಿದ್ದರು. ಪುರಂದರದಾಸರ ಐತಿಹ್ಯದಲ್ಲಿ ಬರುವ ಮೂಗುತಿಯ ಪ್ರಸಂಗವನ್ನು ಇದರ ಎದುರಿಗೆ ಇಟ್ಟು ನೋಡಬಹುದು. ಬೇಡಲು ಬಂದ ಬಡವನಿಗೆ ಮನೆಯಾಕೆ ತನ್ನ ಮೂಗುತಿಯನ್ನು ಕೊಡುತ್ತಾಳೆ. ಹಣದ ಪೆಟ್ಟಿಗೆ ಗಂಡನದು. ಅವಳ ಸ್ವಂತವೆಂದು ಇದ್ದುದು ಅದೊಂದೇ. ಅಲ್ಲಿ ಒಡವೆ ಹೋಗುವುದು ಅವಳ ಇಚ್ಛೆಯಿಂದ. ಆ ಇಚ್ಛೆಯೇ ಗಂಡನ ಬದುಕನ್ನು ಬದಲಿಸುತ್ತದೆ. ಶಾಸ್ತ್ರ ಹೇಳುವುದು ತೆಗೆದುಕೊಳ್ಳುವವನ ಕಥೆ. ಐತಿಹ್ಯ ಹೇಳುವುದು ಕೊಡುವವಳ ಕಥೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆ ದೇಶದ ಪ್ರಮಾಣದಲ್ಲಿ ನಡೆಯಿತು. 1929ರಲ್ಲಿ ಆರಂಭವಾದ ಜಾಗತಿಕ ಮಹಾಕುಸಿತದಲ್ಲಿ ಹತ್ತಿ, ಧಾನ್ಯಗಳ ಬೆಲೆ ಕುಸಿಯಿತು. ಕಂದಾಯ ಮತ್ತು ಸಾವುಕಾರನ ಬಡ್ಡಿ ಮಾತ್ರ ಹಾಗೆಯೇ ಉಳಿದವು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸುವರ್ಣ ಪ್ರಮಾಣವನ್ನು ಕೈಬಿಟ್ಟ ಮೇಲೆ ಬಂಗಾರದ ಬೆಲೆ ರೂಪಾಯಿಯಲ್ಲಿ ಏರಿ, ಹಳ್ಳಿಗಳ ಒಡವೆ ಅಪಾರ ಪ್ರಮಾಣದಲ್ಲಿ ಹೊರದೇಶಕ್ಕೆ ಹರಿಯಿತು. ಆರ್ಥಿಕ ಇತಿಹಾಸಕಾರರು ಅದನ್ನು ಸಂಕಟದ ಬಂಗಾರವೆಂದೇ ಕರೆದಿದ್ದಾರೆ. ಅಂಕಿಅಂಶಗಳಲ್ಲಿ ಅದು ರಫ್ತು. ಮನೆಗಳಲ್ಲಿ ಅದು ಬರಿದಾದ ಕೊರಳು. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಒಡವೆಯ ಮೇಲಿನ ಬ್ಯಾಂಕ್ ಸಾಲದ ಮಿತಿಯನ್ನು ಬೆಲೆಯ ಶೇಕಡ 75ರಿಂದ 90ಕ್ಕೆ ತಾತ್ಕಾಲಿಕವಾಗಿ ಏರಿಸಿದುದು, ಅದೇ ಹಳೆಯ ಆಪತ್ತಿನ ನಿಧಿಯ ಬಾಗಿಲನ್ನು ಇನ್ನಷ್ಟು ತೆರೆದ ಕ್ರಮವೇ ಆಗಿತ್ತು.

6

ಕಾರ್ಖಾನೆಯ ಬಿಕ್ಕಟ್ಟಿನ ನಿದರ್ಶನ 2019ರದು. ದೇಶದಲ್ಲಿ ವಾಹನಗಳ ಮಾರಾಟ ಕುಸಿದುದರಿಂದ ತಯಾರಕರು ಉತ್ಪಾದನೆ ಇಲ್ಲದ ದಿನಗಳನ್ನು ಘೋಷಿಸತೊಡಗಿದರು. ನಾಸಿಕ್ ಮತ್ತು ಅಂದಿನ ಔರಂಗಾಬಾದ್ ಎರಡೂ ವಾಹನ ಮತ್ತು ಬಿಡಿಭಾಗಗಳ ಉದ್ಯಮವನ್ನು ನೆಚ್ಚಿದ ನಗರಗಳು. ಇಂತಹ ಹೊತ್ತಿನಲ್ಲಿ ಕಾಯಂ ಕಾರ್ಮಿಕನು ಕಳೆದುಕೊಳ್ಳುವುದು ಹೆಚ್ಚುವರಿ ವೇಳೆಯ ಕೂಲಿ. ಗುತ್ತಿಗೆ ಕಾರ್ಮಿಕನು ಕಳೆದುಕೊಳ್ಳುವುದು ಕೆಲಸವನ್ನೇ. ಇಲ್ಲಿಯೂ ಒಂದು ವರ್ತುಲವಿದೆ. ಜನ ಹೊಸ ವಾಹನ ಕೊಳ್ಳುವುದನ್ನು ಮುಂದೂಡಿದುದರಿಂದ ವಾಹನ ತಯಾರಿಸುವವನ ಮನೆಯಲ್ಲಿ ಹಾಲು ಕಡಿಮೆಯಾಗುತ್ತದೆ. ಅಲ್ಲಿ ಹಾಲು ಕಡಿಮೆಯಾದುದರಿಂದ ಹೈನುಗಾರನ ಮನೆಯಲ್ಲಿ ಬಟ್ಟೆ ನಿಲ್ಲುತ್ತದೆ.

ಅದೇ ವರ್ಷದ ಕೊನೆಗೆ ಈರುಳ್ಳಿಯ ಬೆಲೆ ಅನೇಕ ನಗರಗಳಲ್ಲಿ ಕಿಲೋಗೆ 100 ರೂಪಾಯಿ ದಾಟಿತು. ಈರುಳ್ಳಿ ಬೆಳೆಯುವ ನಾಸಿಕ್ ಜಿಲ್ಲೆಗೆ ಅದು ಸುಗ್ಗಿಯಾಗಬೇಕಿತ್ತು. ಆದರೆ ಅಕಾಲಿಕ ಮಳೆಗೆ ಬೆಳೆ ಕೊಳೆತು ಹೋದವರಿಗೆ ಮಾರಲು ಈರುಳ್ಳಿಯೇ ಇರಲಿಲ್ಲ. ಬೆಲೆ ಏರಿದಾಗ ರಫ್ತಿಗೆ ತಡೆ, ಬೆಲೆ ಬಿದ್ದಾಗ ಮೌನ ಎಂಬುದು ಈ ಸೀಮೆಯ ರೈತನ ಹಳೆಯ ದೂರು. 2019, 2020 ಮತ್ತು 2023ರಲ್ಲಿ ರಫ್ತು ನಿಷೇಧಗಳು ಬಂದವು. ನಗರದ ಗೃಹಿಣಿಯ ತರಕಾರಿಯ ಲೆಕ್ಕವೂ ಹಳ್ಳಿಯ ಗೃಹಿಣಿಯ ವರ್ಷದ ಲೆಕ್ಕವೂ ಒಂದೇ ಗಡ್ಡೆಯ ಬೆಲೆಯ ಎರಡು ತುದಿಗಳಲ್ಲಿ ನಿಂತಿವೆ. ಆದುದರಿಂದ 'ಬೆಲೆ ಏರಿಕೆ' ಎಂಬ ಒಂದೇ ಮಾತಿನಿಂದ ಎಲ್ಲ ಮನೆಗಳ ಕಷ್ಟವನ್ನು ವಿವರಿಸಲಾಗದು.

2020ರ ಮಾರ್ಚ್ 25ರಂದು ದೇಶ ಸ್ತಬ್ಧವಾಯಿತು. 2020-21ರಲ್ಲಿ ದೇಶದ ಒಟ್ಟು ಉತ್ಪನ್ನವೇ ಶೇಕಡ 5.8ರಷ್ಟು ಕುಗ್ಗಿತು. ಪಡಿತರ ಚೀಟಿಯಿದ್ದ ಮನೆಗಳಿಗೆ ತಲಾ 5 ಕಿಲೋ ಹೆಚ್ಚುವರಿ ಧಾನ್ಯ ಉಚಿತವಾಗಿ ದೊರೆಯಿತು. ಭವಿಷ್ಯ ನಿಧಿಯ ಸದಸ್ಯರಿಗೆ ಮೂರು ತಿಂಗಳ ವೇತನ ಅಥವಾ ಜಮೆಯ ಶೇಕಡ 75, ಇವುಗಳಲ್ಲಿ ಕಡಿಮೆಯಾದುದನ್ನು ತೆಗೆಯಲು ಅವಕಾಶವಾಯಿತು. ಮೊದಲನೆಯದರಿಂದ ಇಂದಿನ ಊಟ ಉಳಿಯಿತು. ಎರಡನೆಯದರಿಂದ ಮುಪ್ಪಿನ ಊಟ ಇಂದಿಗೆ ಬಂದಿತು. ಆದರೆ ಊರು ಬಿಟ್ಟು ಬಂದ ವಲಸೆ ಕಾರ್ಮಿಕನ ಪಡಿತರ ಚೀಟಿ ಊರಿನಲ್ಲಿತ್ತು, ಹಸಿವು ಇಲ್ಲಿತ್ತು. 2020ರ ಮೇ 8ರ ನಸುಕಿನಲ್ಲಿ, ಜಾಲನಾದ ಉಕ್ಕಿನ ಕಾರ್ಖಾನೆಯಿಂದ ಮಧ್ಯಪ್ರದೇಶದ ತಮ್ಮ ಊರುಗಳಿಗೆ ಹೊರಟು ನಡೆಯುತ್ತಿದ್ದ ಕಾರ್ಮಿಕರಲ್ಲಿ 16 ಮಂದಿ, ಔರಂಗಾಬಾದ್ ಜಿಲ್ಲೆಯ ಕರಮಾಡ್ ಬಳಿ ಹಳಿಯ ಮೇಲೆ ಮಲಗಿದ್ದಾಗ ಸರಕು ರೈಲಿಗೆ ಸಿಕ್ಕಿ ಸತ್ತರು. ಹಳಿಗಳ ನಡುವೆ ಚದುರಿ ಬಿದ್ದಿದ್ದ ರೊಟ್ಟಿಗಳ ಚಿತ್ರವನ್ನು ಮರುದಿನದ ಪತ್ರಿಕೆಗಳಲ್ಲಿ ದೇಶ ಕಂಡಿತು. ಒಂದು ಬಿಕ್ಕಟ್ಟಿನ ಮನೆವಾರ್ತೆಯನ್ನು ಇದಕ್ಕಿಂತ ಕಟುವಾಗಿ ಹೇಳುವ ಅಂಕಿಅಂಶ ಇಲ್ಲ. ಎಲ್ಲ ವೆಚ್ಚಗಳನ್ನೂ ಕಳೆದ ಮೇಲೆ ಉಳಿದುದು ದಾರಿಯ ಬುತ್ತಿ.

7

ಇಲ್ಲಿ ದಾಖಲೆಗಳ ಕೊರತೆಯೊಂದನ್ನು ಗುರುತಿಸಬೇಕು. ಕುಟುಂಬಗಳ ವೆಚ್ಚವನ್ನು ಅಳೆಯುವ ರಾಷ್ಟ್ರೀಯ ಮಾದರಿ ಸಮೀಕ್ಷೆ 2011-12ರಲ್ಲಿ ನಡೆಯಿತು. 2017-18ರ ಸಮೀಕ್ಷೆಯ ಫಲಿತಾಂಶವನ್ನು ಮಾಹಿತಿಯ ಗುಣಮಟ್ಟದ ಕಾರಣ ನೀಡಿ ಪ್ರಕಟಿಸುವುದಿಲ್ಲವೆಂದು ಕೇಂದ್ರ ಸರ್ಕಾರ 2019ರ ನವೆಂಬರಿನಲ್ಲಿ ತಿಳಿಸಿತು. ಮುಂದಿನ ಪ್ರಕಟಿತ ಸಮೀಕ್ಷೆ 2022-23ರದು. ಈ ಎರಡರ ನಡುವೆ ಗ್ರಾಮೀಣ ತಲಾ ಮಾಸಿಕ ವೆಚ್ಚ 1430 ರೂಪಾಯಿಯಿಂದ 3773ಕ್ಕೆ, ನಗರದ್ದು 2630ರಿಂದ 6459ಕ್ಕೆ ಏರಿತು. ಇವು ಆಯಾ ವರ್ಷದ ಬೆಲೆಯಲ್ಲಿನ ಮೊತ್ತಗಳು. ಆಹಾರದ ಪಾಲು ಹಳ್ಳಿಗಳಲ್ಲಿ ಶೇಕಡ 52.9ರಿಂದ 46.4ಕ್ಕೆ, ನಗರಗಳಲ್ಲಿ 42.6ರಿಂದ 39.2ಕ್ಕೆ ಇಳಿಯಿತು. ಎಂಗೆಲ್‌ನ ನಿಯಮದಂತೆ ಇದು ಒಟ್ಟಾರೆ ಏಳಿಗೆಯ ಲಕ್ಷಣವೇ. ಆದರೆ 2016ರ ನೋಟು ರದ್ದತಿ, 2019ರ ಹಿಂಜರಿತ, 2020ರ ಸ್ತಬ್ಧತೆ ಈ ಮೂರೂ ಆ ಹನ್ನೊಂದು ವರ್ಷಗಳ ಅಂತರದೊಳಗೆ ಬಿದ್ದುಹೋಗಿವೆ. ಎರಡು ದಡಗಳ ಎತ್ತರ ಗೊತ್ತಿದೆ. ನಡುವಣ ಹೊಳೆಯ ಆಳ ಗೊತ್ತಿಲ್ಲ.

ಇನ್ನೊಂದು ಕೊರತೆ ಅಳತೆಯ ಮಾನದಲ್ಲೇ ಇದೆ. ಸಮೀಕ್ಷೆಯ ವ್ಯಾಖ್ಯೆಯಂತೆ ಕುಟುಂಬವೆಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪು. ಇದು ನಮ್ಮ 'ಒಲೆ', ಮರಾಠಿಯ 'ಚೂಲ್'. ಒಲೆಯನ್ನು ಎಣಿಸುವುದು ಆಡಳಿತಕ್ಕೆ ಅನುಕೂಲ. ಆದರೆ ಒಲೆಯ ಮುಂದೆ ಯಾರು ಮೊದಲು ಉಂಡರು, ಯಾರು ಕೊನೆಗೆ ಉಂಡರು, ಕೊನೆಯವರಿಗೆ ಏನು ಉಳಿದಿತ್ತು ಎಂಬುದನ್ನು ಆ ಎಣಿಕೆ ಕೇಳುವುದಿಲ್ಲ. ತಲಾ ವೆಚ್ಚವೆಂಬುದು ಒಟ್ಟನ್ನು ತಲೆಗಳಿಂದ ಭಾಗಿಸಿದ ಸಂಖ್ಯೆ. ಯಾವ ಮನೆಯಲ್ಲೂ ಅನ್ನವನ್ನು ಹಾಗೆ ಭಾಗಿಸುವುದಿಲ್ಲ.

ಜನರ ನುಡಿ ಈ ಸೂಕ್ಷ್ಮಗಳನ್ನು ಹಿಡಿದಿಟ್ಟಿದೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಮರಾಠಿಯಲ್ಲೂ ಅದೇ ಅರ್ಥದಲ್ಲಿ ಇದೆ. ಕನ್ನಡದ ಉದ್ರಿ ಮರಾಠಿಯಲ್ಲಿ ಉಧಾರ್. ಗಿರವಿ, ಕಿರಾಣಿ, ಸಾವಕಾರ ಎರಡೂ ಕಡೆ ಉಂಟು. ಚೀಟಿ ಹಾಕುವುದು ಅಲ್ಲಿ ಭಿಶಿ. ಕಬ್ಬು ಕಡಿಯಲು ಮರಾಠವಾಡಾದಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ಬೆಳಗಾವಿಯ ಕಡೆಗೂ ಬರುವ ದಂಪತಿಗಳ ಜೋಡಿಗೆ 'ಕೋಯತಾ', ಅಂದರೆ ಕುಡುಗೋಲು ಎಂದೇ ಹೆಸರು. ಅವರು ಪಡೆಯುವ ಮುಂಗಡ 'ಉಚಲ್'. ಇಬ್ಬರು ಮನುಷ್ಯರು ಒಂದು ಕುಡುಗೋಲಾಗಿ ಲೆಕ್ಕಕ್ಕೆ ಸಿಗುತ್ತಾರೆ. ಬರದ ವರ್ಷದಲ್ಲಿ ಮುಂಗಡ ಮನೆಯ ಖರ್ಚಿಗೆ ಮೊದಲೇ ಕರಗುತ್ತದೆ. ದುಡಿಮೆ ಆಮೇಲೆ ಬರುತ್ತದೆ.

8

ಮಿತವ್ಯಯವನ್ನು ಗುಣವೆಂದು ಹೊಗಳುವ ಪರಂಪರೆ ಕನ್ನಡದಲ್ಲಿ ಬಲವಾಗಿದೆ. ಅದರ ಉನ್ನತ ನಿದರ್ಶನ ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ದಂಪತಿಗಳಲ್ಲಿ, ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳುತ್ತಾಳೆ. ಮನೆಯ ವೆಚ್ಚದ ಅಳತೆ ದೊರೆತಷ್ಟಲ್ಲ, ಬೇಕಾದಷ್ಟು ಎಂಬುದು ಅವಳ ನಿಲುವು. ಮನೆವಾರ್ತೆಯ ಒಡತಿ ಇಲ್ಲಿ ಗಂಡನನ್ನು ತಿದ್ದುವ ಗುರುವೂ ಆಗಿದ್ದಾಳೆ.

ಆದರೆ ಈ ನಿದರ್ಶನವನ್ನು ಬಿಕ್ಕಟ್ಟಿನ ಕಾಲದ ಬಡತನಕ್ಕೆ ಅನ್ವಯಿಸುವಾಗ ಎಚ್ಚರ ಬೇಕು. ಲಕ್ಕಮ್ಮನದು ಸಂಯಮ, ಅದು ಆಯ್ಕೆಯಿಂದ ಬಂದುದು. ಕೆಲಸ ಕಳೆದುಕೊಂಡ ಗುತ್ತಿಗೆ ಕಾರ್ಮಿಕನ ಹೆಂಡತಿ ಬೇಳೆಗೆ ನೀರು ಹೆಚ್ಚಿಸುವುದು ಅಭಾವ, ಅಲ್ಲಿ ಆಯ್ಕೆಯಿಲ್ಲ. ಎರಡನ್ನೂ 'ಮಿತವ್ಯಯ'ವೆಂಬ ಒಂದೇ ಹೆಸರಿನಿಂದ ಕರೆದರೆ, ವಚನಕಾರ್ತಿಯ ಸ್ವಾತಂತ್ರ್ಯಕ್ಕೂ ಅನ್ಯಾಯ, ಕೂಲಿಯವಳ ಹಸಿವಿಗೂ ಅನ್ಯಾಯ. ಹೆಚ್ಚಾದುದನ್ನು ಹಿಂದಿರುಗಿಸುವುದು ಧರ್ಮ. ಕಡಿಮೆಯಾದುದನ್ನು ಸಹಿಸುವುದೂ ಧರ್ಮವೆಂದು ಉಪದೇಶಿಸುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು.

ವಿದ್ಯೆಯ ವೆಚ್ಚದಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟವಾಗುತ್ತದೆ. ಡಾ. ಬಿ. ಆರ್. ಅಂಬೇಡ್ಕರ್ ಅವರು 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜನ್ನು ಆರಂಭಿಸಿದರು. ಅನಂತರದ ದಶಕಗಳಲ್ಲಿ ಮರಾಠವಾಡಾದ ಹಳ್ಳಿಗಳ ದಲಿತ ಕುಟುಂಬಗಳ ಮೊದಲ ಪೀಳಿಗೆಯ ವಿದ್ಯಾರ್ಥಿಗಳಿಗೆ ಅದು ಬಾಗಿಲಾಯಿತು. ಅಂತಹ ಮನೆಗೆ ಮಗನ ಅಥವಾ ಮಗಳ ಓದು ಮುಂದೂಡಬಹುದಾದ ವೆಚ್ಚವಲ್ಲ. ಮುಂದೂಡಿದ ಸೀರೆ ಮುಂದಿನ ವರ್ಷ ಬಂದೀತು. ಮುಂದೂಡಿದ ಶಾಲೆ ಬಹುಮಟ್ಟಿಗೆ ಬರುವುದೇ ಇಲ್ಲ. ಬಿಕ್ಕಟ್ಟು ಮುಗಿದ ಮೇಲೆ ಅಂಕಿಗಳು ಚೇತರಿಸಿಕೊಳ್ಳುತ್ತವೆ. ಶಾಲೆ ಬಿಟ್ಟ ಹುಡುಗಿ ಶಾಲೆಗೆ ಮರಳಿದಳೇ ಎಂಬುದು ಬೇರೆಯೇ ಪ್ರಶ್ನೆ.

9

ಒಟ್ಟಿನಲ್ಲಿ, ಗೋದಾವರಿ ಸೀಮೆಯ ಈ ಎರಡು ಜಿಲ್ಲೆಗಳ ನಿದರ್ಶನದಿಂದ ಮೂರು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಬಿಕ್ಕಟ್ಟಿನಲ್ಲಿ ಕುಟುಂಬದ ವೆಚ್ಚ ಕಡಿಮೆಯಾಗುವುದಷ್ಟೇ ಅಲ್ಲ, ಅದರ ಕ್ರಮವೇ ಬದಲಾಗುತ್ತದೆ; ಮುಂದೂಡಬಹುದಾದುದು ಮೊದಲು ಹೋಗುತ್ತದೆ, ನೀರಿನಂತಹ ಕೆಲವು ವೆಚ್ಚಗಳು ಏರುತ್ತವೆ. ಎರಡನೆಯದಾಗಿ, ಬಿಕ್ಕಟ್ಟಿನ ಬಗೆಗೆ ತಕ್ಕಂತೆ ಆಸರೆಯೂ ಬೇರೆಯಾಗಬೇಕು. ಬರಕ್ಕೆ ಕೂಲಿಯ ಖಾತರಿ ಒದಗಿತು. ಕಾರ್ಖಾನೆ ನಿಂತಾಗ ಗುತ್ತಿಗೆಯವನಿಗೆ ಅಂತಹ ಖಾತರಿ ಇರಲಿಲ್ಲ. ಮೂರನೆಯದಾಗಿ, ಕಡಿತದ ಭಾರ ಮನೆಯೊಳಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಡವೆ, ಸಮಯ, ಕೊನೆಯ ತುತ್ತು ಈ ಮೂರರಲ್ಲೂ ಹೆಣ್ಣಿನ ಪಾಲೇ ಮೊದಲು ಖರ್ಚಾಗುತ್ತದೆ.

ಈ ಮೂರನೆಯ ಸತ್ಯವನ್ನು ಅರಿಯಲು ಸಮೀಕ್ಷೆಗಳಷ್ಟೇ ಸಾಲವು. ಕನ್ನಡ ವಿಭಾಗಗಳಲ್ಲಿ ಶಾಸನ, ವಚನ, ಕೀರ್ತನೆ, ಗಾದೆ, ಬರದ ಹಾಡುಗಳನ್ನು ಭಾಷೆ ಮತ್ತು ಭಕ್ತಿಯ ದೃಷ್ಟಿಯಿಂದ ಅಭ್ಯಸಿಸುವುದು ರೂಢಿಯಾಗಿದೆ. ಅವು ಮನೆವಾರ್ತೆಯ ದಾಖಲೆಗಳೂ ಹೌದು. 1972ರ ಕಾಮಗಾರಿಗಳಲ್ಲಿ ಕಲ್ಲು ಒಡೆದವರ ಪೀಳಿಗೆ ಬೀದರ್, ಕಲಬುರಗಿ, ವಿಜಯಪುರಗಳಲ್ಲೂ ಮರಾಠವಾಡಾದಲ್ಲೂ ಈಗ ಇಳಿವಯಸ್ಸಿನಲ್ಲಿದೆ. ಆ ವರ್ಷ ಮನೆಯಲ್ಲಿ ಯಾವುದನ್ನು ಮೊದಲು ಬಿಟ್ಟರು, ಯಾವುದನ್ನು ಕೊನೆಯವರೆಗೂ ಬಿಡಲಿಲ್ಲ, ಮಾರಿದ ಒಡವೆ ಮತ್ತೆ ಬಂದಿತೇ ಎಂದು ಅವರನ್ನು ಕೇಳಿ ಬರೆದಿಡುವ ಕೆಲಸ ತಡವಾದರೆ ಮತ್ತೆ ಮಾಡಲು ಬರುವುದಿಲ್ಲ. ಯಾವ ಸರ್ಕಾರದ ಪ್ರಕಟಣೆಗೂ ಕಾಯದೆ ಕನ್ನಡದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಸಮೀಕ್ಷೆ ಇದು.